ಟೈಲ್ಸ್ ಮತ್ತು ಗಾಜಿನ ಚೂರುಗಳಿಂದ ಮೊಸಾಯಿಕ್: ಮೊದಲ ಕೆಲಸ ಹೇಗೆ ಶುರು ಮಾಡಬೇಕು?

ಪ್ರಶ್ನೆ: ಹೊಸ ಮನೆ ಕಟ್ಟಿಸಿದ ಮೇಲೆ ಎರಡು ಚೀಲದಷ್ಟು ಟೈಲ್ಸ್ ಚೂರು ಉಳಿದಿದೆ. ಹಳೆಯ ಗಾಜಿನ ಬಳೆಗಳೂ ಒಂದು ಡಬ್ಬಿ ಇವೆ. ಇವುಗಳಿಂದ ಮೊಸಾಯಿಕ್ ಮಾಡಬೇಕು ಅಂತ ತುಂಬಾ ಆಸೆ. ಹೋದ ಬೇಸಿಗೆಯಲ್ಲಿ ಒಂದು ಮಣ್ಣಿನ ಕುಂಡಕ್ಕೆ ಫೆವಿಕಾಲ್ ಹಚ್ಚಿ ಚೂರು ಅಂಟಿಸಿದ್ದೆ. ನೋಡಲು ಚೆನ್ನಾಗಿಯೇ ಇತ್ತು. ಮಳೆಗಾಲ ಶುರುವಾದ ಮೇಲೆ ಒಂದೊಂದೇ ಉದುರಿಹೋಯಿತು. ಸರಿಯಾಗಿ ಕಲಿಯಲು ಎಲ್ಲಿಂದ ಶುರು ಮಾಡಬೇಕು? ಏನೇನು ಕೊಳ್ಳಬೇಕು? ಹತ್ತು ವರ್ಷದ ಮಗನೂ ಜೊತೆಗೆ ಕೂರುತ್ತೇನೆ ಅನ್ನುತ್ತಾನೆ. ಕೂರಿಸಿಕೊಳ್ಳಬಹುದಾ?
– ಹಾಸನದ ಒಬ್ಬ ಓದುಗರು

ಉತ್ತರ: ಉದುರಿದ ಕುಂಡದಿಂದಲೇ ಶುರು ಮಾಡೋಣ. ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಫೆವಿಕಾಲ್ ಕೆಟ್ಟ ಅಂಟಲ್ಲ. ಆದರೆ ಅದು ಮರದ ಕೆಲಸಕ್ಕೆ, ಮನೆಯೊಳಗಿನ ಒಣ ಜಾಗಕ್ಕೆ ಮಾಡಿದ್ದು. ಮಾಮೂಲಿ ಬಿಳಿ ಅಂಟು ಒಣಗಿದ ಮೇಲೂ ನೀರಿನಲ್ಲಿ ನೆನೆದರೆ ಮತ್ತೆ ಮೆತ್ತಗಾಗುತ್ತದೆ. ಮಣ್ಣಿನ ಕುಂಡಕ್ಕೆ ಎರಡೂ ಕಡೆಯಿಂದ ನೀರು ಬರುತ್ತದೆ. ಹೊರಗಿಂದ ಮಳೆ. ಒಳಗಿಂದ ಗಿಡಕ್ಕೆ ಹಾಕಿದ ನೀರು. ಸುಟ್ಟ ಮಣ್ಣು ನೀರನ್ನು ಹೀರಿಕೊಂಡು ಹೊರಗೆ ಬಿಡುತ್ತದೆ, ಅದಕ್ಕೇ ತಾನೇ ಮಡಕೆಯ ನೀರು ತಂಪಾಗಿರುವುದು? ಆ ತೇವ ನೇರವಾಗಿ ಟೈಲ್ಸ್ ಚೂರಿನ ಬೆನ್ನಿಗೆ ಬಂದು ನಿಲ್ಲುತ್ತದೆ. ಮುಂದೆ ಮೆರುಗು ಇರುವ ಟೈಲ್, ಹೊರಗೆ ಹೋಗಲು ದಾರಿ ಇಲ್ಲ. ಅಂಟು ಅಲ್ಲೇ ನೆನೆಯುತ್ತದೆ.

ಇನ್ನೊಂದು ಕಾರಣವೂ ಇರಬಹುದು. ಕುಂಡ ದುಂಡಗಿದೆ, ಚೂರು ಚಪ್ಪಟೆ. ಎರಡು ಇಂಚಿನ ಚೂರನ್ನು ದುಂಡು ಮೈಗೆ ಒತ್ತಿದರೆ ಅದರ ಮಧ್ಯಭಾಗ ಮಾತ್ರ ಕುಂಡಕ್ಕೆ ತಾಗುತ್ತದೆ. ಅಂಚುಗಳು ಗಾಳಿಯಲ್ಲೇ ಇರುತ್ತವೆ. ಜೊತೆಗೆ, ಚೂರುಗಳ ನಡುವಿನ ಸಂದು ತುಂಬಿದ ಬಗ್ಗೆ ನೀವು ಏನೂ ಬರೆದಿಲ್ಲ. ಸಂದು ತುಂಬದೆ ಬಿಟ್ಟಿದ್ದರೆ, ಬಿದ್ದ ಮಳೆನೀರೆಲ್ಲ ಅಲ್ಲೇ ಇಳಿದಿರುತ್ತದೆ.

ಈ ಸಂದಿನ ಮಾತು ಈ ಉತ್ತರದಲ್ಲಿ ಮತ್ತೆ ಮತ್ತೆ ಬರುತ್ತದೆ. ಹೊಸದಾಗಿ ಶುರು ಮಾಡುವವರ ಕಣ್ಣೆಲ್ಲ ಚೂರುಗಳ ಮೇಲೆ, ಬಣ್ಣದ ಮೇಲೆ. ಆದರೆ ಮೊಸಾಯಿಕ್ ಬಾಳಿಕೆ ಬರುವುದು ಸಂದಿನಿಂದ. ಚಿತ್ರ ಕಾಣುವುದೂ ಸಂದಿನಿಂದಲೇ. ಎರಡು ಚೂರುಗಳ ನಡುವೆ ಎಷ್ಟು ಜಾಗ ಬಿಡುತ್ತೀರಿ, ಆ ಜಾಗದ ಗೆರೆ ಯಾವ ಕಡೆ ಹರಿಯುತ್ತದೆ, ಅದನ್ನು ಯಾವ ಬಣ್ಣದಿಂದ ತುಂಬುತ್ತೀರಿ ಅನ್ನುವುದನ್ನು ಕಲಿತರೆ ಮಿಕ್ಕಿದ್ದು ತಾನಾಗಿ ಬರುತ್ತದೆ.

ಈಗ ಮೊದಲ ಕೆಲಸಕ್ಕೆ ಬರೋಣ. ಕುಂಡ ಬೇಡ, ಮೇಜೂ ಬೇಡ. ಒಂದು ಅಡಿ ಉದ್ದ, ಒಂದು ಅಡಿ ಅಗಲದ ಚಪ್ಪಟೆ ಹಲಗೆ ತೆಗೆದುಕೊಳ್ಳಿ. ಗೋಡೆಗೆ ತೂಗುಹಾಕುವ ಫಲಕ ಮಾಡಿ, ಮನೆಯೊಳಗೇ ಇರಲಿ. ಮಳೆಯ ಚಿಂತೆ ಇಲ್ಲ, ದುಂಡು ಮೈಯ ಕಾಟ ಇಲ್ಲ. ಗಮನವೆಲ್ಲ ಕತ್ತರಿಸುವುದರ ಮೇಲೆ, ಜೋಡಿಸುವುದರ ಮೇಲೆ ಇರುತ್ತದೆ. ಹಲಗೆಗೆ 12 ಎಂಎಂ ದಪ್ಪದ ಮರೈನ್ ಪ್ಲೈವುಡ್, ಅಂದರೆ ತೇವ ತಡೆಯುವ ಪ್ಲೈವುಡ್ ಒಳ್ಳೆಯದು. ಬಡಗಿಯವರ ಹತ್ತಿರ ತುಂಡು ಉಳಿದಿರುತ್ತದೆ, ಕೇಳಿದರೆ ಕೊಡುತ್ತಾರೆ. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಬೇಡ. ಸಂದು ತುಂಬುವಾಗ ತಗಲುವ ನೀರಿಗೇ ಅದರ ಅಂಚು ಉಬ್ಬಿಬಿಡುತ್ತದೆ.

ಪ್ಲೈವುಡ್‌ಗೆ ಮೊದಲು ಒಂದು ಸಣ್ಣ ತಯಾರಿ ಬೇಕು. ಒಂದು ಪಾಲು ಫೆವಿಕಾಲ್‌ಗೆ ನಾಲ್ಕು ಪಾಲು ನೀರು ಬೆರೆಸಿ ಎರಡೂ ಮುಖಕ್ಕೆ, ನಾಲ್ಕೂ ಅಂಚಿಗೆ ಬಳಿಯಿರಿ. ಒಂದೇ ಮುಖಕ್ಕೆ ಬಳಿದರೆ ಹಲಗೆ ಬಾಗಬಹುದು. ಒಣಗಿದ ಮೇಲೆ ಮುಂದಿನ ಮುಖಕ್ಕೆ ಚಾಕುವಿನಿಂದ ಅಡ್ಡಡ್ಡ ಗೀರು ಹಾಕಿ, ಅಂಟಿಗೆ ಹಿಡಿತ ಸಿಗುತ್ತದೆ. ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಹಿಂದುಗಡೆ ತೂಗುಹಾಕುವ ಕೊಂಡಿಯನ್ನು ಈಗಲೇ ಸ್ಕ್ರೂ ಹಾಕಿ ಕೂರಿಸಿ. ಕೆಲಸ ಮುಗಿದ ಮೇಲೆ ಬೋರಲು ಹಾಕಿ ಸ್ಕ್ರೂ ತಿರುಗಿಸಲು ಹೋದರೆ ಮುಂದಿನ ಚೂರುಗಳಿಗೆ ಪೆಟ್ಟು. ಮುಗಿದ ಫಲಕ ಎರಡು ಕಿಲೋ ಮೇಲೆಯೇ ತೂಗುತ್ತದೆ. ಸುಮ್ನೆ ಒಂದು ಸಣ್ಣ ಮೊಳೆಗೆ ನೇತುಹಾಕುವ ವಸ್ತು ಅಲ್ಲ ಅದು.

ನಿಮ್ಮ ಎರಡು ಚೀಲದಲ್ಲಿ ಏನಿದೆ ನೋಡೋಣ. ಹೊಸ ಮನೆ ಅಂದಮೇಲೆ ಅದರಲ್ಲಿ ಎರಡು ಜಾತಿಯ ಟೈಲ್ಸ್ ಇರಬೇಕು. ನೆಲದ್ದು ಹೆಚ್ಚಾಗಿ ವಿಟ್ರಿಫೈಡ್. ಅಡುಗೆಮನೆ, ಬಚ್ಚಲುಮನೆ ಗೋಡೆಯದ್ದು ಸೆರಾಮಿಕ್. ನೋಡಿದರೆ ಗೊತ್ತಾಗದಿದ್ದರೆ ಚೂರನ್ನು ಬೋರಲು ಹಾಕಿ ಬೆನ್ನಿನ ಮೇಲೆ ಒಂದು ಹನಿ ನೀರು ಬಿಡಿ. ಗೋಡೆ ಟೈಲ್ ಆದರೆ ಹನಿ ನೋಡನೋಡುತ್ತಲೇ ಒಳಗೆ ಇಂಗಿ, ಒದ್ದೆ ಕಲೆ ಮಾತ್ರ ಉಳಿಯುತ್ತದೆ. ವಿಟ್ರಿಫೈಡ್ ಆದರೆ ಹನಿ ಹಾಗೇ ಮುತ್ತಿನಂತೆ ಕೂತಿರುತ್ತದೆ. ಗೋಡೆ ಟೈಲ್ ತನ್ನ ತೂಕದ ನೂರಕ್ಕೆ 10 ಪಾಲಿಗಿಂತ ಜಾಸ್ತಿ ನೀರು ಹೀರಬಲ್ಲದು. ವಿಟ್ರಿಫೈಡ್ ಹೀರುವುದು ಅರ್ಧ ಪಾಲಿಗಿಂತ ಕಡಿಮೆ. ಅಷ್ಟು ಗಟ್ಟಿ ಇರುವುದರಿಂದಲೇ ಅದು ಕೈ ಇಕ್ಕಳಕ್ಕೆ ಬಗ್ಗುವುದಿಲ್ಲ. ಕತ್ತರಿಸಲು ಹೋಗಿ ಬೆರಳು ನೋಯಿಸಿಕೊಂಡು, ಇದು ನನ್ನ ಕೈಲಾಗದ ಕೆಲಸ ಅಂದುಕೊಳ್ಳುವವರು ಬಹಳ. ತಪ್ಪು ಕೈಯದ್ದಲ್ಲ, ಟೈಲ್‌ನದ್ದು. ವಿಟ್ರಿಫೈಡ್ ಚೂರುಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಗೋಡೆ ಟೈಲ್‌ಗಳನ್ನು ಮಾತ್ರ ಕೈಗೆ ತೆಗೆದುಕೊಳ್ಳಿ.

ಬಳೆಗಳನ್ನೂ ಹೀಗೇ ಪರೀಕ್ಷೆ ಮಾಡಬೇಕು. ಕೆಲವು ಬಳೆಗಳಲ್ಲಿ ಗಾಜಿಗೇ ಬಣ್ಣ ಇರುತ್ತದೆ. ಒಡೆದು ನೋಡಿದರೆ ಒಳಗೂ ಅದೇ ಹಸಿರು, ಅದೇ ಕೆಂಪು. ಇವು ಬಂಗಾರ. ಮಿಕ್ಕವು ಬಿಳಿ ಗಾಜಿನ ಮೇಲೆ ಬಣ್ಣ, ಮಿನುಗು ಬಳಿದವು. ಒಂದು ರಾತ್ರಿ ನೀರಲ್ಲಿ ಹಾಕಿ ಬೆಳಿಗ್ಗೆ ಒರಟು ಬಟ್ಟೆಯಿಂದ ಉಜ್ಜಿ. ಬಣ್ಣ ಬಿಡುವಂಥವು ಬೇಡ, ಸಂದು ತುಂಬಿ ಒರೆಸುವಾಗಲೇ ಬಣ್ಣ ಹೋಗುತ್ತದೆ. ಬಳೆ ಚೂರು ಮೊದಲೇ ಬಾಗಿರುತ್ತದೆ, ಹಾಗಾಗಿ ದಳಗಳ ಅಂಚಿಗೆ, ಅಲೆಗಳಿಗೆ, ನವಿಲಿನ ಕುತ್ತಿಗೆಗೆ ಬಹಳ ಚೆನ್ನಾಗಿ ಕೂರುತ್ತದೆ. ಚಂಡೀಗಢದ ರಾಕ್ ಗಾರ್ಡನ್‌ಗೆ ಹೋದವರು ಒಡೆದ ಬಳೆಗಳನ್ನೇ ಮೈತುಂಬ ಹೊದ್ದು ನಿಂತ ಗೊಂಬೆಗಳನ್ನು ನೋಡಿರುತ್ತಾರೆ. ಅಲ್ಲಿ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ನೇಕ್ ಚಂದ್, ಕೆಡವಿದ ಮನೆಗಳ ಟೈಲ್ಸ್, ಒಡೆದ ಪಿಂಗಾಣಿ, ಬಳೆ ಎಲ್ಲವನ್ನೂ ಸೈಕಲ್ ಮೇಲೆ ತಂದು ಕಾಡಿನ ಜಾಗದಲ್ಲಿ ವರ್ಷಗಟ್ಟಲೆ ಗುಟ್ಟಾಗಿ ಕಟ್ಟಿದ ತೋಟ ಅದು. 1976ರಲ್ಲಿ ಅದನ್ನು ಜನರಿಗೆ ತೆರೆದರು. ಎರಡು ಚೀಲ ಚೂರು ಇಟ್ಟುಕೊಂಡು ಏನು ಮಾಡಲಿ ಅನ್ನುವ ನಿಮ್ಮಂಥವರು ಒಮ್ಮೆ ನೋಡಲೇಬೇಕಾದ ಜಾಗ.

ಇನ್ನು ಗಾಜು. ಮೊದಲ ಫಲಕಕ್ಕೆ ಗಾಜಿನ ಹಾಳೆ ಕೊಳ್ಳಬೇಡಿ. ಬಚ್ಚಲುಮನೆಗೆ, ಈಜುಕೊಳಕ್ಕೆ ಹಾಕುವ ಗಾಜಿನ ಮೊಸಾಯಿಕ್ ಟೈಲ್ಸ್ ಸಾಕು. ಒಂದೊಂದು ತುಂಡು 20 ಎಂಎಂ ಚೌಕ, ಸುಮಾರು 4 ಎಂಎಂ ದಪ್ಪ. ಕಾಗದಕ್ಕೋ ಬಲೆಗೋ ಅಂಟಿಸಿದ ಶೀಟ್ ರೂಪದಲ್ಲಿ ಸಿಗುತ್ತದೆ. ಒಂದು ಶೀಟಿನಲ್ಲಿ ಸಾಲಿಗೆ 15ರಂತೆ 225 ತುಂಡು ಇರುತ್ತವೆ. ಟೈಲ್ಸ್ ಅಂಗಡಿಯಲ್ಲಿ ಉಳಿದ ಒಂಟಿ ಶೀಟ್ ಇದೆಯಾ ಅಂತ ಕೇಳಿ, ಕಡಿಮೆಗೆ ಕೊಡುತ್ತಾರೆ. ಬಿಸಿನೀರಲ್ಲಿ ನೆನೆಸಿದರೆ ಕಾಗದ ಬಿಟ್ಟುಬರುತ್ತದೆ.

ಕಾರಿನ ಕಿಟಕಿಯ ಗಾಜು, ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜಿನ ಮೇಜು, ಇವನ್ನು ಕತ್ತರಿಸಲು ಹೋಗಲೇಬೇಡಿ. ಒಂದು ಗೀರು ಹಾಕಿ ಒತ್ತಿದರೆ ಇಡೀ ಗಾಜು ಕಾಳುಕಾಳಾಗಿ ಸಿಡಿಯುತ್ತದೆ. ಕನ್ನಡಿ ಚೂರಿನ ಆಸೆ ಎಲ್ಲರಿಗೂ ಇರುತ್ತದೆ. ಹಾಕಿ, ಆದರೆ ಸ್ವಲ್ಪವೇ ಹಾಕಿ. ಅದರ ಬೆನ್ನಿನ ಲೇಪಕ್ಕೆ ಸಿಮೆಂಟು ಆಗಿಬರುವುದಿಲ್ಲ, ಅಂಚಿನಿಂದ ಕಪ್ಪಾಗುತ್ತಾ ಬರುತ್ತದೆ. ಕನ್ನಡಿಗೆ ನ್ಯೂಟ್ರಲ್ ಸಿಲಿಕೋನ್ ಅಂಟು ಕೇಳಿ ತನ್ನಿ. ಮೂಗಿಗೆ ವಿನೆಗರ್ ಥರ ವಾಸನೆ ಹೊಡೆಯುವ ಸಿಲಿಕೋನ್ ಬೇಡ, ಅದೂ ಕನ್ನಡಿಯನ್ನು ತಿನ್ನುತ್ತದೆ.

ಕೊಳ್ಳಬೇಕಾದ್ದು ನಿಜಕ್ಕೂ ಕಡಿಮೆ. ಮುಖ್ಯವಾದದ್ದು ಟೈಲ್ ನಿಪ್ಪರ್, ಅಂದರೆ ಟೈಲ್ಸ್ ಕಚ್ಚುವ ಇಕ್ಕಳ. ಗಾಜಿನ ಕೆಲಸ ಜಾಸ್ತಿ ಮಾಡುತ್ತೀರಿ ಅನ್ನಿಸಿದರೆ ಎರಡು ಪುಟ್ಟ ಚಕ್ರ ಇರುವ ಇಕ್ಕಳ ತೆಗೆದುಕೊಳ್ಳಿ, ಗಾಜನ್ನು ಪುಡಿ ಮಾಡದೆ ಕತ್ತರಿಸುತ್ತದೆ. ಇದರಲ್ಲಿ ದುಡ್ಡು ಉಳಿಸಬೇಡಿ. ಅಗ್ಗದ ಇಕ್ಕಳದ ಬಾಯಿ ಒಂದು ಫಲಕ ಮುಗಿಯುವುದರೊಳಗೆ ಮೊಂಡಾಗುತ್ತದೆ. ಕಣ್ಣಿಗೆ ಕನ್ನಡಕ ಬೇಕೇ ಬೇಕು, ಅದೂ ಪಕ್ಕದಲ್ಲೂ ಮುಚ್ಚಿರುವಂಥದ್ದು. ಓದುವ ಕನ್ನಡಕ ನಂಬಬೇಡಿ. ಸಿಮೆಂಟ್ ಪುಡಿ ಕಲಸುವಾಗ ಹಾಕಲು ಎನ್95 ಮಾಸ್ಕ್, ರಬ್ಬರ್ ಗ್ಲೌಸ್. ಚಿಕ್ಕ ಕರಣೆ, ಎರಡು ಸ್ಪಾಂಜು, ಹಳೆಯ ಹಲ್ಲುಜ್ಜುವ ಬ್ರಷ್. ಅಂಟು, ಮತ್ತೆ ಗ್ರೌಟ್, ಅಂದರೆ ಸಂದು ತುಂಬುವ ಸಿಮೆಂಟ್ ಪುಡಿ. ಅಷ್ಟೇ. ಮಿಕ್ಕಿದ್ದೆಲ್ಲ ಮನೆಯಲ್ಲೇ ಇದೆ.

ಕತ್ತರಿಸುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಜನ ಸೋಲುವುದು ಇಲ್ಲೇ. ದೊಡ್ಡ ಟೈಲ್ ಇದ್ದರೆ ಮೊದಲು ಒಡೆಯಬೇಕು. ಗೋಣಿಚೀಲದ ಮಡಿಕೆಯೊಳಗೆ ಟೈಲನ್ನು ಮುಖ ಕೆಳಗೆ ಮಾಡಿ ಇಟ್ಟು, ನಡುವೆ ಒಂದು ಸುತ್ತಿಗೆ ಏಟು. ಜೋರು ಬೇಡ. ನಾಲ್ಕೈದು ದೊಡ್ಡ ಚೂರಾದರೆ ಸಾಕು. ಕುಟ್ಟಿ ಪುಡಿ ಮಾಡಿದರೆ ನಿಮಗೆ ಬೇಕಾದ ಆಕಾರ ಸಿಗುವುದಿಲ್ಲ.

ಆಮೇಲೆ ಇಕ್ಕಳ. ಹೊಸಬರು ಚೂರನ್ನು ಇಕ್ಕಳದ ಬಾಯೊಳಗೆ ಪೂರ್ತಿ ತುರುಕಿ, ಬಲ ಹಾಕಿ ಹಿಸುಕುತ್ತಾರೆ. ಚೂರು ಎಲ್ಲೆಂದರಲ್ಲಿ ಬಿರಿಯುತ್ತದೆ. ಹಾಗಲ್ಲ. ಇಕ್ಕಳದ ಬಾಯಿ ಟೈಲಿನ ಅಂಚನ್ನು ಮೂರು ನಾಲ್ಕು ಎಂಎಂ ಮಾತ್ರ ಕಚ್ಚಬೇಕು. ಗೆರೆ ಯಾವ ಕಡೆ ಹೋಗಬೇಕೋ ಆ ಕಡೆಗೆ ಇಕ್ಕಳದ ಮೂಗು ತಿರುಗಿರಬೇಕು. ಹಿಡಿಯ ತುದಿಯಲ್ಲಿ ಕೈ ಇರಲಿ, ಅಲ್ಲಿ ಹಿಡಿದರೆ ಬಲ ಕಡಿಮೆ ಸಾಕು. ಇನ್ನೊಂದು ಕೈಯ ಬೆರಳುಗಳಿಂದ ಚೂರಿನ ಎರಡೂ ಬದಿ ಹಿಡಿದು ಮೆಲ್ಲಗೆ ಒತ್ತಿ. 'ಟಕ್' ಅಂತ ಸದ್ದಾಗಿ ನೇರ ಗೆರೆಯಲ್ಲಿ ಬಿಡುತ್ತದೆ. ಹತ್ತು ಚೂರು ಹಾಳಾಗುತ್ತವೆ, ಹನ್ನೊಂದನೆಯದು ನೀವು ಹೇಳಿದ ಮಾತು ಕೇಳುತ್ತದೆ. ದುಂಡಗೆ ಬೇಕಾದರೆ ಒಂದೇ ಏಟಿಗೆ ಮಾಡಲು ಹೋಗಬೇಡಿ. ಚೌಕದ ನಾಲ್ಕು ಮೂಲೆ ಕಚ್ಚಿ ತೆಗೆಯಿರಿ, ಎಂಟು ಮೂಲೆ ಆಗುತ್ತದೆ. ಆ ಮೂಲೆಗಳನ್ನೂ ಒಂದೊಂದೇ ಕಡಿಯುತ್ತಾ ಬನ್ನಿ. ಕತ್ತರಿಸುವಾಗ ಕೈಯನ್ನು ಒಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಳಗೋ ಚೀಲದೊಳಗೋ ಇಟ್ಟುಕೊಂಡರೆ ಸಿಡಿಯುವ ಚೂರು ಕೋಣೆಯೆಲ್ಲ ಹಾರುವುದಿಲ್ಲ. ಬರಿಗಾಲಲ್ಲಿ ಕೂರಬೇಡಿ.

ಮುಂದೆ ಗಾಜಿನ ಹಾಳೆಗೆ ಬಂದಾಗ ಕ್ರಮ ಬೇರೆ. ಅಲ್ಲಿ ಗಾಜು ಕತ್ತರಿಸುವುದಿಲ್ಲ, ಗೀರಿ ಮುರಿಯುತ್ತೇವೆ. ಕಟರಿನ ಚಕ್ರವನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಂದೇ ಸಲ ಎಳೆಯಬೇಕು. ಸರಿಯಾದ ಒತ್ತು ಬಿದ್ದಾಗ 'ಸರ್ರ್' ಅಂತ ಒಂದೇ ಸಮನಾದ ಸದ್ದು ಬರುತ್ತದೆ. ಸದ್ದು ನಡುವೆ ನಿಂತರೆ ಗೀರು ಅಲ್ಲಿ ಬಿದ್ದಿಲ್ಲ. ಆದರೂ ಅದೇ ಗೆರೆ ಮೇಲೆ ಎರಡನೇ ಸಲ ಎಳೆಯಬೇಡಿ, ಚಕ್ರವೂ ಹಾಳು, ಗಾಜೂ ಅಡ್ಡಾದಿಡ್ಡಿ ಒಡೆಯುತ್ತದೆ. ಗೀರಿದ ತಕ್ಷಣ ಮುರಿಯಿರಿ. ನಿಮ್ಮ ಊರಿನ ಗಾಜಿನ ಅಂಗಡಿಯವರು ಕಿಟಕಿ ಗಾಜು ಕತ್ತರಿಸುವಾಗ ಪಕ್ಕದಲ್ಲಿ ನಿಂತು ಆ ಸದ್ದು ಕೇಳಿಸಿಕೊಳ್ಳಿ. ಅದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಚಿತ್ರ ಯಾವುದು? ದೇವರ ಮುಖ, ಮನುಷ್ಯರ ಮುಖ ಮೊದಲಿಗೆ ಬೇಡ. ಒಂದು ಎಲೆ, ಒಂದು ಮೀನು, ಒಂದು ಮಾವಿನಕಾಯಿ ಸಾಕು. ನಾಲ್ಕೈದು ಬಣ್ಣಕ್ಕಿಂತ ಜಾಸ್ತಿ ಬೇಡ. ಪೆನ್ಸಿಲಿನಲ್ಲಿ ಹಲಗೆ ಮೇಲೇ ಬರೆಯಿರಿ. ಬರೆದಾದ ಮೇಲೆ ಎರಡು ಹೆಜ್ಜೆ ಹಿಂದೆ ಹೋಗಿ ನೋಡಿ. ಅಲ್ಲಿಂದ ಕಾಣದ ವಿವರ ಟೈಲಿನಲ್ಲಿ ಖಂಡಿತ ಕಾಣುವುದಿಲ್ಲ, ಅಳಿಸಿಬಿಡಿ.

ಈಗ ಸಂದಿನ ವಿಷಯ. ಮೊದಲು ಎಲೆಯ ಗೆರೆಯ ಒಳಗೆ, ಅಂಚಿಗೆ ಒತ್ತಿಕೊಂಡು ಒಂದು ಸಾಲು ಜೋಡಿಸಿ. ಆಮೇಲೆ ಎಲೆಯ ಒಳಭಾಗ ತುಂಬಿ. ಅದಾದ ಮೇಲೆ ಹಿನ್ನೆಲೆಗೆ ಹೋಗುವ ಮುಂಚೆ, ಎಲೆಯ ಹೊರಗೆ ಅದರ ಆಕಾರವನ್ನೇ ಹಿಡಿದು ಹಿನ್ನೆಲೆಯ ಬಣ್ಣದಲ್ಲಿ ಒಂದು ಸಾಲು ಸುತ್ತು ಹಾಕಿ. ಈ ಒಂದು ಸಾಲಿನಿಂದ ಎಲೆ ಹಲಗೆಯಿಂದ ಎದ್ದು ಬರುತ್ತದೆ. ರೋಮನ್ ಕಾಲದ ನೆಲಗಳಲ್ಲೂ ಆಕೃತಿಗಳ ಸುತ್ತ ಈ ಸಾಲು ಕಾಣುತ್ತದೆ. ಹಿನ್ನೆಲೆಯ ಚೂರುಗಳು ಸಾಲು ಹಿಡಿದು ನಡೆದರೆ ಕಣ್ಣು ಆ ಸಾಲಿನ ಜೊತೆ ನಡೆಯುತ್ತದೆ. ಮೀನಿನ ಮೈಯ ಚೂರುಗಳನ್ನು ತಲೆಯಿಂದ ಬಾಲದ ಕಡೆಗೆ ಸಾಲಾಗಿ ಇಟ್ಟರೆ ಮೀನು ಈಜುತ್ತದೆ. ಅದೇ ಬಣ್ಣ, ಅದೇ ಚೂರುಗಳನ್ನು ಸಿಕ್ಕಸಿಕ್ಕಂತೆ ತುಂಬಿದರೆ ಮೀನಿನ ಆಕಾರದ ಕಲೆ ಅಷ್ಟೇ.

ಎರಡು ಚೂರಿನ ನಡುವೆ ಎರಡರಿಂದ ಮೂರು ಎಂಎಂ ಜಾಗ ಬಿಡಿ. ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಸಮ ಇರಲಿ. ಒಂದಕ್ಕೊಂದು ಅಂಟಿಕೊಂಡರೆ ಗ್ರೌಟ್ ಒಳಗೆ ಇಳಿಯುವುದಿಲ್ಲ, ಆ ಬಿರುಕಿನಿಂದ ಮುಂದೆ ನೀರು ಹೋಗುತ್ತದೆ. ತೀರಾ ಅಗಲ ಬಿಟ್ಟರೆ ಗ್ರೌಟೇ ಚಿತ್ರವನ್ನು ನುಂಗುತ್ತದೆ. ಜಾಗ ಸರಿಹೊಂದದಿದ್ದರೆ ತುಂಡುಮುಕ್ಕಲು ಚೂರು ತುರುಕಬೇಡಿ. ಪಕ್ಕದ ಎರಡು ಚೂರು ತೆಗೆದು ಬೇರೆ ಅಳತೆಗೆ ಕತ್ತರಿಸಿ. ಬೇಸರ ಆಗುತ್ತದೆ, ಆದರೂ ಮಾಡಿ. ಕೈ ಪಳಗುವುದು ಹೀಗೇ. ಅಂಟು ಹಚ್ಚುವ ಮುಂಚೆ ಇಡೀ ಎಲೆಯನ್ನು ಒಣದಾಗೇ ಜೋಡಿಸಿ ನೋಡಿ.

ಸಮತಟ್ಟಾಗಿಯೇ ಇರಬೇಕು ಅಂತೇನೂ ಇಲ್ಲ. ಇಟಲಿಯ ರವೆನ್ನಾದ ಸಾನ್ ವಿತಾಲೆ ಚರ್ಚಿನಲ್ಲಿ, ಕ್ರಿ.ಶ. 547ರಲ್ಲಿ ಪ್ರತಿಷ್ಠೆಯಾದ ಕಟ್ಟಡ ಅದು, ಗೋಡೆಯ ಗಾಜಿನ ಚೂರುಗಳನ್ನು ಒಂದೊಂದನ್ನೂ ಒಂದೊಂದು ಓರೆಯಲ್ಲಿ ಒತ್ತಿದ್ದಾರೆ. ಅದರಲ್ಲೂ ಚಿನ್ನದ ಚೂರುಗಳನ್ನು. ಗಾಜಿನ ಎರಡು ಪದರದ ನಡುವೆ ಚಿನ್ನದ ರೇಕು ಇಟ್ಟು ಮಾಡಿದವು ಅವು. ಎಲ್ಲ ಒಂದೇ ಮಟ್ಟದಲ್ಲಿದ್ದರೆ ಒಂದು ಜಾಗದಲ್ಲಿ ನಿಂತವರಿಗೆ ಮಾತ್ರ ಹೊಳೆಯುತ್ತಿದ್ದವು. ಓರೆಯಾಗಿರುವುದರಿಂದ ನಡೆಯುತ್ತಾ ಹೋದಂತೆ ಗೋಡೆ ಇಡೀ ಮಿನುಗುತ್ತದೆ. ನಿಮ್ಮ ಗೋಡೆ ಫಲಕದಲ್ಲೂ ಗಾಜಿನ ಚೂರುಗಳನ್ನು ಕೊಂಚ ಓರೆ ಮಾಡಿ ನೋಡಿ. ಮೇಜಿನ ಮೇಲ್ಮೈಗೆ ಮಾತ್ರ ಇದು ಬೇಡ, ಲೋಟ ನಿಲ್ಲಬೇಕಲ್ಲ.

ಮನೆಯೊಳಗಿನ ಈ ಫಲಕಕ್ಕೆ ಫೆವಿಕಾಲ್ ಸಾಕು, ಅಲ್ಲಿ ಅದು ಚೆನ್ನಾಗಿಯೇ ಹಿಡಿಯುತ್ತದೆ. ಚೂರಿನ ಬೆನ್ನಿಗೆ ಪೂರ್ತಿ ಹಚ್ಚಿ, ಒತ್ತಿ. ಅಂಟು ಸಂದಿನಲ್ಲಿ ಉಕ್ಕಿ ಮೇಲೆ ಬಂದರೆ ಒಣಗುವ ಮುಂಚೆ ಕಡ್ಡಿಯಿಂದ ತೆಗೆಯಿರಿ, ಗ್ರೌಟಿಗೆ ಅಲ್ಲಿ ಜಾಗ ಬೇಕು. ಪಾರದರ್ಶಕ ಗಾಜಾದರೆ ಬೆನ್ನಿನ ಅಂಟು ಮುಂದೆ ಕಾಣುತ್ತದೆ ಅನ್ನುವುದು ನೆನಪಿರಲಿ. ಪೂರ್ತಿ ಒಣಗಲು ಕನಿಷ್ಠ ಒಂದು ಹಗಲು, ಒಂದು ರಾತ್ರಿ ಬಿಡಿ. ಮಳೆಗಾಲದಲ್ಲಿ ಇನ್ನೂ ಒಂದು ದಿನ ಜಾಸ್ತಿ.

ಗ್ರೌಟ್ ಬಣ್ಣದ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಬಿಳಿ ಬೇಡ. ಅಂಗಡಿಯವರು ಕೇಳದೇ ಬಿಳಿ ಕೊಡುತ್ತಾರೆ, ಬಚ್ಚಲುಮನೆಗೆ ಎಲ್ಲರೂ ಅದನ್ನೇ ಕೊಳ್ಳುವುದು. ಚಿತ್ರದಲ್ಲಿ ಬಿಳಿ ಸಂದು ಎಲ್ಲಕ್ಕಿಂತ ಮುಂದೆ ಬಂದು ನಿಲ್ಲುತ್ತದೆ, ಬಣ್ಣಗಳು ಪೇಲವ ಆಗುತ್ತವೆ. ನಡುಮಧ್ಯದ ಬೂದು ಬಣ್ಣ ತೆಗೆದುಕೊಳ್ಳಿ. ಹಸಿರು, ನೀಲಿ, ಕೆಂಪು ಎಲ್ಲವೂ ಅದರೊಳಗೆ ತುಂಬಿಕೊಂಡು ಕಾಣುತ್ತವೆ. ಸಂದು ಮೂರು ಎಂಎಂಗಿಂತ ಕಡಿಮೆ ಇದ್ದರೆ ಮರಳಿಲ್ಲದ ಗ್ರೌಟ್, ಜಾಸ್ತಿ ಇದ್ದರೆ ಮರಳು ಬೆರೆತದ್ದು. ಬರೀ ವೈಟ್ ಸಿಮೆಂಟ್ ತುಂಬುವ ರೂಢಿ ನಮ್ಮಲ್ಲಿ ಇದೆ. ಅಗಲ ಸಂದಿನಲ್ಲಿ ಅದು ಒಣಗುತ್ತಾ ಕುಗ್ಗಿ ಬಿರುಕು ಬಿಡುತ್ತದೆ. ಬಣ್ಣ ಬೇಕಾದರೆ ನೆಲಕ್ಕೆ ಹಾಕುವ ರೆಡ್ ಆಕ್ಸೈಡ್, ಕಪ್ಪು ಆಕ್ಸೈಡ್ ಪುಡಿಯನ್ನು ಗ್ರೌಟಿಗೆ ಒಣದಾಗಿಯೇ ಬೆರೆಸಬಹುದು. ಅದರ ತೂಕದ ನೂರಕ್ಕೆ ಐದು ಪಾಲು ಸಾಕು. ತುಂಬಾ ಹಾಕಿದರೆ ಗ್ರೌಟ್ ಬಲ ಕಳೆದುಕೊಳ್ಳುತ್ತದೆ.

ಕಲಸುವಾಗ ಪುಡಿಗೆ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ. ದೋಸೆ ಹಿಟ್ಟಿನ ಹದ ಅಲ್ಲ, ವಡೆ ಹಿಟ್ಟಿನ ಹದ ಬೇಕು. ಐದು ನಿಮಿಷ ಹಾಗೇ ಬಿಟ್ಟು ಮತ್ತೆ ಕಲಸಿ, ಆದರೆ ಮತ್ತೆ ನೀರು ಸೇರಿಸಬೇಡಿ. ಗ್ಲೌಸ್ ಹಾಕಿದ ಕೈಯಿಂದ ಫಲಕದ ಮೇಲೆಲ್ಲ ಹಾಕಿ, ಎಲ್ಲ ದಿಕ್ಕಿನಿಂದಲೂ ಸಂದಿಗೆ ಒತ್ತಿ. ನಿಮ್ಮ ಚಿತ್ರ ಪೂರ್ತಿ ಕೆಸರಲ್ಲಿ ಮುಳುಗಿದಂತೆ ಕಾಣುತ್ತದೆ. ಗಾಬರಿ ಆಗಬೇಡಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಮೇಲಿನದ್ದು ಮಂಕಾಗಿ ಒಣಗುತ್ತಾ ಬರುತ್ತದೆ. ಆಗ ಸ್ಪಾಂಜನ್ನು ಒದ್ದೆ ಮಾಡಿ ಚೆನ್ನಾಗಿ ಹಿಂಡಿ, ಮೆಲ್ಲಗೆ ಒರೆಸಿ. ನೀರು ಸೋರುವ ಸ್ಪಾಂಜಿನಿಂದ ಒರೆಸಿದರೆ ಸಂದಿನೊಳಗಿನ ಗ್ರೌಟೇ ಎದ್ದು ಬರುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಚೂರುಗಳ ಮೇಲೆ ಬೂದಿ ಪೊರೆ ಕಾಣುತ್ತದೆ, ಅದನ್ನು ಒಣ ಬಟ್ಟೆಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಮುಂದಿನ ಎರಡು ಮೂರು ದಿನ ಸಂದಿಗೆ ದಿನಕ್ಕೆರಡು ಸಲ ನೀರು ಚಿಮುಕಿಸಿ. ಗಾರೆ ಕೆಲಸಕ್ಕೆ ಮೇಸ್ತ್ರಿ ನೀರು ಹಾಕಿಸಿದ್ದು ನೋಡಿದ್ದೀರಲ್ಲ, ಅದೇ ಕಾರಣಕ್ಕೆ. ಆದರೆ ಇಲ್ಲಿ ಕೆಳಗೆ ಪ್ಲೈವುಡ್, ಫೆವಿಕಾಲ್ ಇರುವುದರಿಂದ ಮಂಜಿನಷ್ಟು ಸಾಕು.

ಕೈ ತೊಳೆದ ಗ್ರೌಟ್ ನೀರನ್ನು ಸಿಂಕಿಗೆ ಸುರಿಯಬೇಡಿ. ಪೈಪಿನೊಳಗೆ ಅದು ಕಲ್ಲಾಗುತ್ತದೆ. ಬಕೆಟಿನಲ್ಲಿ ಒಂದು ರಾತ್ರಿ ಬಿಟ್ಟು, ತಳದಲ್ಲಿ ಕೂತ ಗಸಿಯನ್ನು ಒಣಗಿಸಿ ಬಿಸಾಡಿ. ಗಾಜು, ಟೈಲಿನ ಪುಡಿಯನ್ನು ಕೈಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಕಸಕ್ಕೆ ಕೊಡುವಾಗ ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ 'ಗಾಜು' ಅಂತ ಬರೆದು, ಪೌರಕಾರ್ಮಿಕರ ಕೈಗೆ ಬೇರೆಯಾಗಿ ಹೇಳಿ ಕೊಡಿ. ಅವರ ಬೆರಳು ಕುಯ್ಯುವುದು ನಮ್ಮ ಹವ್ಯಾಸದಿಂದ ಆಗಬಾರದು.

ಫಲಕ ಒಂದೆರಡು ಆದ ಮೇಲೆ ಕುಂಡಕ್ಕೆ ಮರಳಿ. ಈ ಸಲ ಒಳಗಡೆಗೆ ನೀರು ತಡೆಯುವ ಲೇಪ ಎರಡು ಕೋಟ್ ಬಳಿದು ಒಣಗಿಸಿ. ಇಲ್ಲವೇ ಗಿಡವನ್ನು ಒಂದು ಪ್ಲಾಸ್ಟಿಕ್ ಕುಂಡದಲ್ಲಿ ಇಟ್ಟು, ಅದನ್ನು ಇದರೊಳಗೆ ಇಳಿಸಿ. ಇದು ಇನ್ನೂ ಸುಲಭ. ಹೊರಮೈಯನ್ನು ಒರಟು ಸ್ಯಾಂಡ್ ಪೇಪರಿನಿಂದ ಉಜ್ಜಿ ಧೂಳು ತೊಳೆಯಿರಿ. ಅಂಟಿಗೆ ಪಾಲಿಮರ್ ಬೆರೆತ ಸಿಮೆಂಟ್ ಟೈಲ್ ಅಡ್ಹೆಸಿವ್ ತನ್ನಿ. ಬಿಳಿ ಬಣ್ಣದ್ದೇ ಕೇಳಿ, ಗಾಜಿನ ಚೂರಿನ ಹಿಂದೆ ಬೂದು ಸಿಮೆಂಟ್ ಇದ್ದರೆ ಗಾಜು ಕಳೆಗುಂದುತ್ತದೆ. ಕರಣೆ ಮೇಲೆತ್ತಿದರೆ ಜಾರದಷ್ಟು ಗಟ್ಟಿ ಕಲಸಿ, ಎರಡು ಮೂರು ಎಂಎಂ ದಪ್ಪ ಹಚ್ಚಿ. ಹದಿನೈದು ನಿಮಿಷದಲ್ಲಿ ಮುಗಿಸುವಷ್ಟು ಜಾಗಕ್ಕೆ ಮಾತ್ರ ಹಚ್ಚಿಕೊಳ್ಳಿ. ಮೇಲೆ ಪೊರೆ ಕಟ್ಟಿದ ಮೇಲೆ ಒತ್ತಿದ ಚೂರು ಹಿಡಿದಂತೆ ಕಾಣುತ್ತದೆ, ಹಿಡಿದಿರುವುದಿಲ್ಲ. ದುಂಡು ಮೈಗೆ ಚೂರುಗಳು ಒಂದೂವರೆ ಸೆಂಟಿಮೀಟರಿಗಿಂತ ದೊಡ್ಡವು ಬೇಡ. ಬಾರ್ಸಿಲೋನಾದ ಪಾರ್ಕ್ ಗ್ವೆಲ್‌ನಲ್ಲಿ ವಾಸ್ತುಶಿಲ್ಪಿಗಳಾದ ಗೌಡಿ ಮತ್ತು ಜುಜೋಲ್ ಸೇರಿ ಮಾಡಿದ, ಹಾವಿನಂತೆ ಬಳುಕುವ ಬೆಂಚಿನ ಚಿತ್ರ ಹುಡುಕಿ ನೋಡಿ. ಬಾಗು ಜಾಸ್ತಿ ಇರುವ ಕಡೆ ಚೂರುಗಳು ಹೇಗೆ ಚಿಕ್ಕದಾಗುತ್ತವೆ ಅನ್ನುವುದು ಕಣ್ಣಿಗೇ ಗೊತ್ತಾಗುತ್ತದೆ. ಇಡೀ ಟೈಲ್ ಬಾಗುವುದಿಲ್ಲ, ಒಡೆದ ಟೈಲ್ ಯಾವ ಬಾಗಿಗೂ ಹೊಂದುತ್ತದೆ. ನಮ್ಮಲ್ಲೂ ಬಿಸಿಲು ತಡೆಯಲು, ನೀರು ಇಳಿಯದಿರಲು ತಾರಸಿ ಮೇಲೆ ಬಿಳಿ ಟೈಲ್ಸ್ ಚೂರು ಕೂರಿಸುವುದು ಇದೆಯಲ್ಲ, ಅಲ್ಲೂ ಅಂಚು ಮೇಲಕ್ಕೆ ತಿರುಗುವ ಮೂಲೆಯಲ್ಲಿ ಚೂರುಗಳು ಸುಲಭವಾಗಿ ಬಾಗಿಕೊಂಡು ಹೋಗುತ್ತವೆ.

ಹೊರಗಡೆ ಇಡುವ ಬೋರ್ಡು, ಗೇಟಿನ ಪಕ್ಕದ ಹೆಸರಿನ ಫಲಕ ಇಂಥದ್ದಕ್ಕೆ ಪ್ಲೈವುಡ್ ಬೇಡವೇ ಬೇಡ, ಅದು ಮರೈನ್ ಆದರೂ. ಸಿಮೆಂಟ್ ಬೋರ್ಡ್ ತೆಗೆದುಕೊಳ್ಳಿ, ಅಥವಾ ನೇರವಾಗಿ ಗೋಡೆಯ ಗಾರೆ ಮೇಲೆ ಮಾಡಿ. ನಿಮ್ಮ ವಿಟ್ರಿಫೈಡ್ ಚೂರುಗಳಿಗೂ ಆಗ ಕೆಲಸ ಸಿಗುತ್ತದೆ. ಟೈಲ್ಸ್ ಹಾಕುವವರ ಹತ್ತಿರ ಮಷೀನಿನಲ್ಲಿ ಪಟ್ಟಿಪಟ್ಟಿಯಾಗಿ ಕೊಯ್ಯಿಸಿಕೊಂಡರೆ ಹಿನ್ನೆಲೆಗೆ ಚೆನ್ನಾಗಿರುತ್ತದೆ.

ಮೈಸೂರು ನಿಮಗೆ ದೂರ ಅಲ್ಲ. ಅರಮನೆಯ ಕಲ್ಯಾಣ ಮಂಟಪದಲ್ಲಿ ಎಲ್ಲರೂ ತಲೆ ಎತ್ತಿ ಬಣ್ಣದ ಗಾಜಿನ ನವಿಲು ನೋಡುತ್ತಾರೆ. ನೀವು ನೆಲವನ್ನೂ ನೋಡಿ. ಅದೇ ನವಿಲಿನ ಬಣ್ಣಗಳು ಕೆಳಗೆ ಟೈಲ್ಸಿನಲ್ಲಿ ಹೇಗೆ ಮುಂದುವರಿದಿವೆ, ತುಂಡುಗಳ ನಡುವಿನ ಗೆರೆ ಎಷ್ಟು ಸಣ್ಣದಾಗಿದೆ ಗಮನಿಸಿ.

ಮಗನ ವಿಷಯ. ಖಂಡಿತ ಕೂರಿಸಿಕೊಳ್ಳಿ. ಕತ್ತರಿಸುವುದು, ಸಿಮೆಂಟ್ ಪುಡಿ ಕಲಸುವುದು ಎರಡನ್ನು ಬಿಟ್ಟು ಮಿಕ್ಕಿದ್ದೆಲ್ಲ ಅವನು ಮಾಡಬಹುದು. ಸಿಮೆಂಟ್ ಚರ್ಮ ಸುಡುತ್ತದೆ, ಅದರ ಧೂಳು ಎಳೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒಡೆದ ಚೂರಿನ ಅಂಚು ಬ್ಲೇಡಿನಷ್ಟು ಹರಿತ. ಅದಕ್ಕೆ ಅವನಿಗೆ ಬೇರೆ ಸಾಮಾನು ಕೊಡಿ. 20 ಎಂಎಂ ಗಾಜಿನ ಟೈಲ್ಸನ್ನು ಇಡಿಯಾಗೇ ಕೊಡಿ, ಜೊತೆಗೆ ಹೊಳೆಯ ನುಣುಪು ಕಲ್ಲು, ಹಳೆಯ ಗುಂಡಿಗಳು. ಒಂದು ಗೇಣು ಅಗಲದ ಪ್ಲೈ ತುಂಡು, ಫೆವಿಕಾಲ್ ಡಬ್ಬಿ, ಒಂದು ಬ್ರಷ್. ಎಳೆ ರಂಗೋಲಿಗಿಂತ ಚುಕ್ಕಿ ರಂಗೋಲಿ ಅವನಿಗೆ ಸುಲಭ, ಚೌಕ ಟೈಲ್ಸ್ ಚುಕ್ಕಿಯ ಜಾಗಕ್ಕೆ ಸರಿಯಾಗಿ ಕೂರುತ್ತದೆ. ಚೂರುಗಳ ನಡುವೆ ಜಾಗ ಎಲ್ಲ ಕಡೆ ಒಂದೇ ಸಮ ಬರಲು ಎರಡು ಬೆಂಕಿಕಡ್ಡಿ ಕೊಡಿ, ಕಡ್ಡಿ ಅಡ್ಡ ಇಟ್ಟು ಮುಂದಿನ ಚೂರು ಇಡಲಿ. ಅಂಟು ಒಣಗುವ ಮುಂಚೆ ಕಡ್ಡಿ ತೆಗೆಯಲು ಹೇಳಿ. ಗ್ರೌಟನ್ನು ನೀವು ಕಲಸಿ ಒತ್ತಿ. ಕೊನೆಗೆ ಒಣ ಬಟ್ಟೆಯಿಂದ ಉಜ್ಜಿ ಹೊಳಪು ತರುವ ಕೆಲಸ ಅವನಿಗೇ ಬಿಡಿ, ಗ್ಲೌಸ್ ಮಾತ್ರ ಹಾಕಿಸಿ.